ಕಟ್ಟಿಸಿಕೊಂಡ ಹಲ್ಲಿನ ಬಣ್ಣ

ಮಾನ್ವಿಯಲ್ಲಿ ಶಾಲೆ ಮುಗಿಸಿಕೊಂಡು ಸ್ಕೂಟಿಯ ಮೇಲೆ ರಾಯಚೂರಿಗೆ ಬರುತ್ತಿದ್ದವಳು ಕಲ್ಲೂರು ದಾಟಿದ ಮೇಲೆ ಬಿದ್ದೆ. ರಸ್ತೆಗೆ ಅಡ್ಡವಾಗಿ ಹೊಸದಾಗಿ ಹಂಪ್ಸ್ ಹಾಕಿದ್ದರು, ಅದಕ್ಕಿನ್ನೂ ಬಣ್ಣ ಬಳಿದಿರಲಿಲ್ಲ. ನನಗೂ ಮನೆ ಸೇರುವ ಅವಸರ. ಪುಣ್ಯಕ್ಕೆ ಕೈಕಾಲು ನೆಟ್ಟಗೆ ಉಳಿದವು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಮಾತ್ರ ಹೋದವು.

ಕಷ್ಟ ಬಂದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು ಎಂದು ಮಕ್ಕಳಿಗೆ ಉಪದೇಶ ಮಾಡುತ್ತಿದ್ದವಳು ನಾನು. ಈಗ ಕಚ್ಚುವುದಕ್ಕೇ ಹಲ್ಲಿಲ್ಲ. ಗಾಯ ಮಾಯುವವರೆಗೆ ಮಾಸ್ಕ್ ಹಾಕಿಕೊಂಡು ಪಾಠ ಮಾಡಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕಡಲೆಯ ಪೊಟ್ಟಣ ಬಿಚ್ಚಿದರೆ ಸಾಕು, ನನ್ನತ್ತ ನೋಡಿ ಆ ಹಳೆಯ ಗಾದೆ ಹೇಳದೆ ಬಿಡುತ್ತಿರಲಿಲ್ಲ. ನಾನೂ ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಮಾಸ್ಕಿನೊಳಗೆ ನಗುವುದು ನನಗೆ ಹಿತವಾಗಿತ್ತು, ಏಕೆಂದರೆ ಹಲ್ಲಿದ್ದಾಗಲೂ ನಾನು ಬಾಯಿ ತೆರೆದು ನಕ್ಕವಳಲ್ಲ.

ನನ್ನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೀರುಗಳಿವೆ. ದೇವದುರ್ಗದ ಕಡೆಯ ನಮ್ಮ ಊರಿನಲ್ಲಿ, ನಮ್ಮ ಓಣಿಯಲ್ಲಿ, ನನ್ನ ವಾರಿಗೆಯವರ ಹಲ್ಲೆಲ್ಲ ಹೀಗೆಯೇ. ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಆಕಳಿಸಿದರೆ ಅವರು ನಮ್ಮ ಕಡೆಯವರೋ ಅಲ್ಲವೋ ಎಂದು ನಾನು ಹೇಳಬಲ್ಲೆ. ಬಿ.ಎಡ್. ಓದುವಾಗ ತೆಗೆಸಿದ ಗುಂಪು ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನೊಬ್ಬಳು ತುಟಿ ಬಿಗಿದುಕೊಂಡು ಯಾರ ಮೇಲೋ ಸಿಟ್ಟಾದವಳಂತೆ ನಿಂತಿದ್ದೇನೆ.

ರಾಯಚೂರಿನ ಹಲ್ಲಿನ ಡಾಕ್ಟರು ನನಗಿಂತ ಚಿಕ್ಕವಳು, ಮಾತು ಚುರುಕು. ತೆಗೆದು ಇಡುವ ಹಲ್ಲಿನ ಸೆಟ್ ಬೇಡ, ಬ್ರಿಡ್ಜ್ ಕೂಡಿಸೋಣ ಎಂದಳು.

“ಹೋಗಿದ್ದು ಎರಡು. ಅವುಗಳ ಆಚೀಚೆ ಇರೋ ಎರಡನ್ನ ಅರೆದು ಸಣ್ಣ ಮಾಡ್ತೀವ್ರಿ ಮೇಡಂ. ಅವಕ್ಕ ಟೊಪ್ಪಿಗಿ ಹಾಕಿ, ನಡುವ ಹೊಸಾವು ಎರಡು ನಿಲ್ಲಸ್ತೀವಿ. ನಾಕೂ ಒಂದ ತುಂಡು. ಆಮ್ಯಾಲ ಅದು ಅಲ್ಲೇ ಇರ್ತದ.”

ಹೋದವುಗಳಿಗಾಗಿ ಗಟ್ಟಿಯಾಗಿದ್ದವುಗಳನ್ನು ಅರೆಯುವುದು ಯಾವ ನ್ಯಾಯ ಎನಿಸಿತು. ಆದರೆ ಬೀಳುವಾಗ ನ್ಯಾಯ ಕೇಳದವಳು ಈಗ ಕೇಳಿ ಏನು ಮಾಡಲಿ. ಒಪ್ಪಿದೆ. ಅವಳು ಬಣ್ಣ ಹೊಂದಿಸುವ ಮಾದರಿ ಹಲ್ಲುಗಳ ಸಾಲೊಂದನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ಹಾಲಿನ ಬಿಳಿಯಿಂದ ಹಿಡಿದು ಸ್ವಲ್ಪ ಹಳದಿಯವರೆಗೆ ಎಲ್ಲವೂ ಇದ್ದವು, ನನ್ನವು ಮಾತ್ರ ಇರಲಿಲ್ಲ.

“ನಿಮ್ಮ ಬಣ್ಣ ಇದರಾಗ ಇಲ್ರಿ” ಎಂದು ನಕ್ಕಳು. ಎರಡು ದಾರಿ ಇವೆ ಎಂದಳು. ಹೊಸ ನಾಲ್ಕರ ಮೇಲೆ ಲ್ಯಾಬಿನವರಿಂದ ಕಂದು ಗೀರು ಬರೆಸಿ ಉಳಿದವುಗಳಿಗೆ ಹೊಂದಿಸುವುದು ಒಂದು. ನಕ್ಕರೆ ಕಾಣುವ ಉಳಿದ ಹಲ್ಲುಗಳಿಗೂ ಟೊಪ್ಪಿಗೆ ಹಾಕಿ ಎಲ್ಲವನ್ನೂ ಬೆಳ್ಳಗೆ ಮಾಡುವುದು ಇನ್ನೊಂದು. ಅವಳು ಹೇಳಿ ಮುಗಿಸುವ ಮೊದಲೇ ನಾನು ಮನಸ್ಸಿನಲ್ಲಿ ಬಿಳಿಯನ್ನು ಆರಿಸಿಬಿಟ್ಟಿದ್ದೆ. ದುಡ್ಡು ಕೊಟ್ಟು ಕಲೆ ಹಚ್ಚಿಸಿಕೊಳ್ಳುವ ಹುಚ್ಚಿ ಯಾರು?

ಏಳುವಾಗ ಅವಳಿಗೆ ಒಂದು ಮಾತು ಹೇಳಿದೆ. ಮುಂದಿನ ಸಲ ನನ್ನ ಅವ್ವ ಜೊತೆಗೆ ಬರುತ್ತಾಳೆ, ಈ ಕಲೆ ಯಾವುದರಿಂದ ಬಂತು ಎಂದು ಅವಳ ಮುಂದೆ ಹೇಳಬೇಡ ಎಂದು.

ಅದಕ್ಕೆ ಕಾರಣವಿತ್ತು. ನಾನು ಹುಟ್ಟಿದ ಕಾಲಕ್ಕೆ ಊರ ಬಾವಿಯನ್ನು ನಮ್ಮ ಜನ ಮುಟ್ಟುವಂತಿರಲಿಲ್ಲ. ಕೊಡ ಇಟ್ಟುಕೊಂಡು ದೂರ ಕೂಡಬೇಕು. ಮೇಲಿನ ಓಣಿಯವರು ಯಾರಾದರೂ ಮನಸ್ಸು ಮಾಡಿ, ಸೇದಿ, ಎತ್ತರದಿಂದ ಸುರಿಯಬೇಕು. ಕೂಲಿಗೆ ಹೋಗುವ ಅವ್ವ, ಅಕ್ಷರ ಬಾರದ ಅವ್ವ, ಕಂಕುಳಲ್ಲಿ ನನ್ನನ್ನು ಇಟ್ಟುಕೊಂಡು ದೇವದುರ್ಗದ ಆಫೀಸಿಗೆ ಅಲೆದಳು. ಸಾಹೇಬರು ಇಲ್ಲ ಎಂದರೆ ಬರುವವರೆಗೆ ಮರದ ಕೆಳಗೆ ಕೂತಳು. ಕೊನೆಗೆ ನಮ್ಮ ಓಣಿಯಲ್ಲೇ ಬೋರಿಂಗು ಬಿತ್ತು. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈಪಂಪು ಹೊಡೆದು ಮೊದಲ ಕೊಡ ಅವ್ವನೇ ತುಂಬಿದಳಂತೆ. ನನಗೆ ಇದಾವುದರ ನೆನಪೂ ಇಲ್ಲ, ಕೇಳಿ ಕೇಳಿ ಕಂಡಂತೆಯೇ ಆಗಿದೆ. ಇಂದಿಗೂ ಓಣಿಯವರು ಅದನ್ನು ನನ್ನ ಅವ್ವನ ಬೋರಿಂಗು ಎಂದೇ ಕರೆಯುತ್ತಾರೆ. ಬದುಕಿನಲ್ಲಿ ಅವಳು ತನ್ನದು ಎಂದು ಹೇಳಿಕೊಂಡದ್ದು ಅದೊಂದನ್ನೇ.

ಆ ನೀರೇ ನಮ್ಮ ಹಲ್ಲಿಗೆ ಈ ಬಣ್ಣ ಹಚ್ಚಿತು. ನೆಲದೊಳಗಿನ ಫ್ಲೋರೈಡ್ ಅದರಲ್ಲಿ ಕರಗಿತ್ತು. ಅದು ಹಿಡಿಯುವುದು ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವ ಎಳೆಯ ಮಕ್ಕಳನ್ನು. ಅವ್ವ ಮಾತ್ರ ನಾನು ಸರಿಯಾಗಿ ಹಲ್ಲು ತಿಕ್ಕುವುದಿಲ್ಲ ಎಂದೇ ತಿಳಿದಿದ್ದಳು. ಒಲೆಯ ಬೂದಿ, ಇದ್ದಿಲು, ಉಪ್ಪು ಎಲ್ಲ ಹಚ್ಚಿ ಒಸಡಿನಲ್ಲಿ ರಕ್ತ ಬರುವಂತೆ ತಿಕ್ಕುತ್ತಿದ್ದಳು. ಮುಂದೆ ಯಾರೋ ಬಂದು ಬೋರಿಂಗಿಗೆ ಕೆಂಪು ಬಣ್ಣ ಬಳಿದು ಹೋದರು. ಕುಡಿಯಬೇಡಿ ಎನ್ನುವುದಕ್ಕೆ ಆ ಕೆಂಪು. ಅವ್ವನಿಗೆ ಹಾಗೆ ತಿಳಿಯಲಿಲ್ಲ. “ಸರಕಾರದವ್ರು ನನ್ನ ಬೋರಿಂಗಿಗಿ ಬಣ್ಣ ಹಚ್ಯಾರ ನೋಡು, ಮದಿಮಗಳು ಆಗ್ಯದ” ಎಂದು ಕರೆದು ತೋರಿಸಿದಳು. ಅಷ್ಟು ಹೊತ್ತಿಗೆ ನಾನು ಟೀಚರಾಗಿದ್ದೆ, ನನಗೆ ಗೊತ್ತಿತ್ತು. ಚಂದ ಕಾಣುತ್ತದೆ ಎಂದೆ. ನಳದಲ್ಲಿ ಹೊಳೆಯ ನೀರು ಬರತೊಡಗಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ತಮ್ಮನ ಮನೆಯಲ್ಲಿರುವ ಅವ್ವ, ಹಲ್ಲು ಅರೆಯುತ್ತಾರಂತೆ ಎಂದು ಕೇಳಿದ್ದೇ ತಡ, ಊರಿನಿಂದ ಬಸ್ಸು ಹತ್ತಿ ಬಂದಳು. ಕ್ಲಿನಿಕ್ಕಿನಲ್ಲಿ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಳು.

“ಎಲ್ಲಾ ಬೆಳ್ಳಗ ಮಾಡಿಬಿಡ್ರಿ ಡಾಕ್ಟರವ್ವ” ಎಂದಳು. “ಸಣ್ಣಾಕಿ ಇದ್ದಾಗ ಹಲ್ಲ ತಿಕ್ಕಂಗ ಇದ್ದಿಲ್ಲ ಇಕಿ. ನಾ ಬಡದು ತಿಕ್ಕಸ್ತಿದ್ದೆ.”

“ಇದು ತಿಕ್ಕಿದ್ರ ಹೋಗಂಥಾದ್ದಲ್ಲ ಬಿಡ್ರಿ ಅಮ್ಮಾ” ಎಂದಳು ಡಾಕ್ಟರು. ನನ್ನ ಪರ ವಹಿಸಿ ಅಂದ ಮಾತು ಅದು.

“ಮತ್ತ ಯಾತರಿಂದ ಬಂದದ?”

ಡಾಕ್ಟರು ನನ್ನ ಕಡೆ ನೋಡಿ ಟ್ರೇಯತ್ತ ತಿರುಗಿದಳು. ನನ್ನ ಬಾಯಿಯಲ್ಲಿ ಹತ್ತಿ ತುರುಕಿದ್ದಳು. ಗೋಡೆಯ ಕನ್ನಡಿಯಲ್ಲಿ ಅವ್ವ ತನ್ನ ತುಟಿ ಎತ್ತಿ ನೋಡಿಕೊಂಡಳು. ಈ ವಯಸ್ಸಿನಲ್ಲೂ ಉಳಿದಿರುವ ಅವಳ ಹಲ್ಲುಗಳು ಜೋಳದ ಕಾಳಿನಂತೆ ಬೆಳ್ಳಗಿವೆ.

“ನಾ ಬಾವಿ ನೀರು ಕುಡಿದಾಕಿ” ಎಂದಳು ಮೆಲ್ಲಗೆ. “ಇವರು ಬೋರಿಂಗ್ ನೀರು ಕುಡಿದ್ರು.”

ಅವಳು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಬಾಯಿಯ ಹತ್ತಿ ತೆಗೆದ ಮೇಲೆ ಡಾಕ್ಟರು ಬಣ್ಣ ಯಾವುದು ಎಂದು ಕೇಳಿದಳು. ಉಳಿದವು ಹೇಗಿವೆಯೋ ಹಾಗೆ, ಗೀರು ಸಮೇತ ಎಂದೆ. ಬಿಳಿಯ ಆಸೆ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅವ್ವ ಹೊರಗೆ ಕೂತಿರುವಾಗ ಎಲ್ಲವನ್ನೂ ಬಿಳಿ ಮಾಡಿಸಿಕೊಂಡರೆ ಅವಳ ಬೋರಿಂಗಿನ ಮೇಲೆ ತೀರ್ಪು ಕೊಟ್ಟಂತೆ ಆಗುತ್ತಿತ್ತು. ನನ್ನಿಂದ ಅದು ಆಗಲಿಲ್ಲ.

ಅವ್ವ ಅಂದೇ ಊರಿಗೆ ಹೋದಳು. ಆಮೇಲೆ ನಾನು ಮಾಡಿದ ಫೋನು ಎತ್ತಲಿಲ್ಲ. ತಮ್ಮ ಎತ್ತಿದ. “ಯಾರ ಕೂಡನೂ ಮಾತಾಡವಲ್ಲಳು. ಹೊತ್ತು ಮುಳುಗೋ ತನಕ ಬೋರಿಂಗಿನ ಕಟ್ಟಿ ಮ್ಯಾಲ ಕುಂತಿರ್ತಾಳ” ಎಂದ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಎರಡು ಹಲ್ಲಿನ ಸಲುವಾಗಿ ಹಾಳು ಮಾಡಿದೆನಲ್ಲ. ಅವಳನ್ನು ಕರೆದುಕೊಂಡು ಹೋಗಲೇಬಾರದಿತ್ತು.

ಬ್ರಿಡ್ಜ್ ಕೂಡಿಸಿದ ಮರುದಿನ ರಜೆ ಹಾಕಿ ಊರಿಗೆ ಹೋದೆ. ಅವಳು ಕಟ್ಟೆಯ ಮೇಲೆಯೇ ಇದ್ದಳು. ಪಕ್ಕದಲ್ಲಿ ಕೂತು ಬಾಯಿ ತೆರೆದು ತೋರಿಸಿದೆ. ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು.

“ಯಾವು ಹೊಸಾವು?”

“ಮುಂದಿನ ನಾಕು.”

“ಬಿಳೀವು ಹಾಕಿಸ್ಕೋ ಅಂದಿದ್ನಲ್ಲ.”

“ಇರಲಿ ಬಿಡಬೇ.”

ಬಸ್ಸಿನಲ್ಲಿ ಬರುವಾಗ ಅವಳಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನೆಲ್ಲ ಹೊಂದಿಸಿಕೊಂಡಿದ್ದೆ. ಟೀಚರ್ ಅಲ್ಲವೇ, ಪಾಠ ತಯಾರು ಮಾಡಿಕೊಳ್ಳುವ ಚಟ. “ನಿನಗೇನು ಗೊತ್ತಿತ್ತು ಯವ್ವಾ? ನಿನ್ನ ತಪ್ಪು ಏನದ ಇದರಾಗ? ಮೊದಲ ಗೊತ್ತಿದ್ರ ನೀ ಹಾಕಿಸ್ತಿದ್ದೇನು?” ಎಂದೆ.

ಅವಳು ನನ್ನ ಗದ್ದದಿಂದ ಕೈ ತೆಗೆದಳು.

“ಗೊತ್ತಿದ್ರೂ ಹಾಕಿಸ್ತಿದ್ದೆ.”

ದನಿ ಏರಿರಲಿಲ್ಲ, ಆದರೆ ಮುಖದಲ್ಲಿ ಸಿಟ್ಟಿತ್ತು. ನಾನು ಕೊಡಹೋದ ಕ್ಷಮೆ ಅವಳಿಗೆ ಬೇಕಾಗಿರಲಿಲ್ಲ. ನನ್ನ ಕಡೆ ನೋಡದೆ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳದೇ ಇದ್ದುದನ್ನು ಹೇಳಿದಳು.

“ನೀ ಇನ್ನಾ ಮಲಿ ಕುಡಿಯೋ ಕೂಸು. ಜ್ವರ ಬಂದು ಮೈ ಸುಡಾಕತ್ತಿತ್ತು. ಹಾಲು ಬಾಯಿಗಿ ಹಿಡೀಲಿಲ್ಲ ನೀ. ತೊಡಿ ಮ್ಯಾಲ ಹಾಕ್ಕೊಂಡು ಬಾವಿ ಮುಂದ ಕುಂತೆ. ಹೊತ್ತು ನೆತ್ತಿಗಿ ಬಂತು, ಸೇದಿ ಹಾಕೋರು ಯಾರೂ ಬರಲಿಲ್ಲ. ಬಾಜೂಕ ದನ ನೀರು ಕುಡಿಯೋ ಕಲ್ಲಬಾನಿ ಇತ್ತು. ಅದರಾಗ ಸೆರಗು ಅದ್ದಿ ನಿನ್ನ ಬಾಯಾಗ ಹಿಂಡಿದೆ. ಆ ನೀರಿನ ಕಲಿ ನಿನ್ನ ಹಲ್ಲಿನ ಮ್ಯಾಲ ಇಲ್ಲ. ನಿಮ್ಮ ಡಾಕ್ಟರವ್ವಗ ಅದು ಕಾಣಂಗಿಲ್ಲ. ನನಗ ಕಾಣ್ತದ.”