ಮದುವೆಯ ಸೀರೆಯ ಮೇಲೆ ಮಣ್ಣಿನ ಬಟ್ಟಲು

ಕರಜಗಿಯಲ್ಲಿ ಯಾರು ಮನೆಯ ಚಾವಣಿಗೆ ಮಣ್ಣಿನ ಮಾಳಿಗೆ ಹಾಕಿಸಿದರೂ ಮಣ್ಣು ನೋಡಲು ನಮ್ಮ ಅತ್ತೆ ಗುರುಬಾಯಿಯವರನ್ನೇ ಕರೆಯುತ್ತಿದ್ದರು. ೧೯೩೪ರಲ್ಲಿ ನನಗೂ ಕೂಸಿಗೂ ಎಂದು ಮನೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಿಸುವಾಗ ನಾನು ಮಾತ್ರ ಮೇಲೆ ತಗಡೇ ಬೇಕೆಂದು ಹಟ ಹಿಡಿದೆ. ಸೊಲ್ಲಾಪುರದಲ್ಲಿ ಬೆಳೆದ ನನಗೆ ಮಣ್ಣಿನ ಮಾಳಿಗೆಯೆಂದರೆ ಅಂಜಿಕೆ.

“ಮಳಿಗಾಲದಾಗ ಕೂಸಿನ ಮ್ಯಾಲೆ ಸೋರಿದ್ರ ಹೆಂಗ್ರಿ, ಅತ್ತಿ?”

“ಮತ್ತ ಬ್ಯಾಸಗ್ಯಾಗ ತಗಡಿನ ಕೆಳಗ ಕೂಸಿನ್ನ ಹಪ್ಪಳ ಸುಟ್ಟಂಗ ಸುಡ್ತೀಯೇನು?” ಎಂದು ಅತ್ತೆ ನಕ್ಕರು.

ಮಾಳಿಗೆಗೆ ಹಾಕುವ, ಹಳ್ಳದ ದಂಡೆಯ ಬಿಳಿ ಕರ್ಲು ಮಣ್ಣು ತರಿಸಿ, ನಾದಿ, ದಪ್ಪನೆಯ ಬಟ್ಟಲು ಮಾಡಿ ಆರಿಸಿದರು. ಮರುದಿನ ಬೆಳಿಗ್ಗೆ ತಮ್ಮ ಮದುವೆಯ ಇಳಕಲ್ಲ ಸೀರೆಯನ್ನು ಮಡಚಿ ಹಾಸಿ, ಅದರ ಮೇಲೆ ಬಟ್ಟಲಿಟ್ಟು ನೀರು ತುಂಬಿದರು. ಮಣ್ಣು ನೀರು ಸೋರಿದರೆ ಸೀರೆಯೇ ಕೆಟ್ಟಿತು. ತಾಸಿಗೊಮ್ಮೆ ಹೋಗಿ ಸೀರೆ ಮುಟ್ಟಿ ನೋಡಿದೆ.

“ಮುಟ್ಟಿ ಮುಟ್ಟಿ ನಿನ್ನ ಕೈಬೆವರಿನಿಂದನ ಹಸಿ ಮಾಡ್ತಿ ನೋಡು, ಸಾಲಿ ಕಲ್ತಾಕಿ!”

ಸಂಜೆ ಬಟ್ಟಲು ಎತ್ತಿದಾಗ ಸೀರೆಗೆ ಒಂದು ಹನಿಯೂ ತಾಗಿರಲಿಲ್ಲ. ತಗಡು ಬೇಡವೆಂದು ಯಜಮಾನರಿಗೆ ನಾನೇ ಹೇಳಿದೆ.

ಮಾಳಿಗೆಗೆ ಮಣ್ಣು ಹಾಕುವ ದಿನ ಅತ್ತೆ ನನ್ನತ್ತ ಕೈ ತೋರಿಸಿ ಆಳುಗಳಿಗೆ ಕೂಗಿ ಹೇಳಿದರು: “ನಾಕು ಬೆರಳು ಹೆಚ್ಚಿಗಿ ಹಾಕ್ರಿ. ಕೂಸಿಗಲ್ಲ, ಇಕಿಗಿ ನಿದ್ದಿ ಬರಬೇಕು.”