ನೀರೆಂದು ಹೇಳಿದ ಸ್ಪಿರಿಟ್

ಪಿಂಗಾಣಿ ಬಟ್ಟಲಿನಿಂದ ನೀಲಿ ಬೆಂಕಿ ಎದ್ದದ್ದು, ಅದರಾಚೆ ಅವ್ವನ ಮುಖವಿದ್ದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಅಡುಗೆಮನೆಯಲ್ಲಿ ಯಾರಾದರೂ ಕಡ್ಡಿ ಗೀರಿದರೆ ಸಾಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅವ್ವ ಬಸವಕಲ್ಯಾಣದಲ್ಲಿದ್ದಳು. ಬಾಯಿಹುಣ್ಣು, ಒಸಡುನೋವು ಎಂದು ಬಂದವರಿಗೆ ಬಾಯಿ ಮುಕ್ಕಳಿಸಲು ಅಳಲೆಕಾಯಿ ಕಷಾಯ ಕೊಡುತ್ತಿದ್ದಳು. ಕೊಡುವ ಮೊದಲು ಪಾತ್ರೆಯ ಮುಂದೆ ಒಂದು ಬಿಲ್ಲೆ ಕರ್ಪೂರ ಹಚ್ಚಲೇಬೇಕು. ಓಣಿಗೆ ಹೊಸದಾಗಿ ಬಂದ ಕಾಂಪೌಂಡರೊಬ್ಬ "ಅದು ಬರೇ ಕರೀ ನೀರು" ಎಂದು ನಕ್ಕ ಮೇಲೆ ಬರುವವರು ಕಡಿಮೆಯಾದರು. ಅವ್ವ ಒಂದು ಗಂಟು ಕಾಯಿ ಕಟ್ಟಿಕೊಂಡು ಬಸ್ ಹತ್ತಿ ನನ್ನ ಹತ್ತಿರ ಬಂದಳು.

"ಇಷ್ಟು ಓದಿದಿ. ಇದ್ರಾಗ ಏನರ ಅದನೋ ಇಲ್ಲೋ ನೋಡಿ ಹೇಳು. ಇಲ್ಲಂದ್ರ ನಾಳಿಂದ ಯಾರಿಗೂ ಕೊಡಂಗಿಲ್ಲ."

ಪುಡಿಯನ್ನು ಸ್ಪಿರಿಟ್‌ನಲ್ಲಿ ಒಂದು ದಿನ ನೆನೆಸಿ, ಸೋಸಿ, ಬಟ್ಟಲಿಗೆ ಸುರಿದು ಬಿಸಿನೀರಿನ ಮೇಲಿಡುವುದು ನಾನು ಕಲಿತ ಕ್ರಮ. ಸ್ಪಿರಿಟ್ ಆವಿಯಾಗಿ ಹೋದರೆ ಕಾಯಿಯ ಸಾರ ತಳದಲ್ಲಿ ಉಳಿಯುತ್ತದೆ. ಆದರೆ ನಮ್ಮ ಮನೆಯಲ್ಲಿ ಹೆಂಡ-ಸೆರೆಯ ಹೆಸರನ್ನೂ ಎತ್ತುವಂತಿರಲಿಲ್ಲ, ಅವ್ವನ ಪಾಲಿಗೆ ಸ್ಪಿರಿಟ್ ಎಂದರೂ ಸೆರೆಯೇ. ತಿಳಿದರೆ ಗಂಟು ಎತ್ತಿಕೊಂಡು ಹೊರಟುಬಿಡುತ್ತಾಳೆ ಎಂದು ಹೆದರಿದೆ.

"ಇದೇನ? ದವಾಖಾನಿ ವಾಸನಿ ಹೊಡ್ಯಾಕತ್ತದ."

"ನೀರವ್ವ. ಜರಾ ಔಷಧ ಕೂಡಿಸೀನಿ."

ಪ್ರಯೋಗಾಲಯದ ಸಹಾಯಕ ಕಾಕಾ ಕೆಮ್ಮಿ ಬೇರೆ ಕಡೆ ನೋಡಿದರು.

ಮರುದಿನ ಬಟ್ಟಲು ಬಿಸಿನೀರಿನ ಮೇಲೆ ಹಬೆಯಾಡುತ್ತಿತ್ತು. ಪರೀಕ್ಷೆಯ ದ್ರಾವಣ ತರಲು ಪಕ್ಕದ ಕೋಣೆಗೆ ಹೋದೆ. ಬಾಟಲಿ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವ್ವ ಬಟ್ಟಲಿನ ಪಕ್ಕ ಕರ್ಪೂರದ ಬಿಲ್ಲೆಯಿಟ್ಟು ಕಡ್ಡಿ ಗೀರುತ್ತಿದ್ದಳು. ಕೂಗಬೇಕೆಂದುಕೊಂಡೆ.

ಭುಗ್ಗೆಂದಿತು. ಅವಳ ಸೆರಗಿನಿಂದ ಬೆಂಕಿ ಗೇಣು ದೂರವಿತ್ತು. ಅವ್ವ ಒಂದೇ ಹೆಜ್ಜೆ ಹಿಂದೆ ಸರಿದಳು, ನಳದ ಕೆಳಗಿದ್ದ ಒದ್ದೆ ಗೋಣಿತಟ್ಟು ಎಳೆದು ಬಟ್ಟಲಿನ ಮೇಲೆ ಹೊದಿಸಿದಳು. ಕಾಕಾ ಓಡಿಬಂದು ನೀರು ಕಾಯಿಸುವ ಕರೆಂಟ್ ಒಲೆಯ ಸ್ವಿಚ್ ಆರಿಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಎಮ್ಮೆಸ್ಸಿ ನಿಂತು ನೋಡ್ತು, ಅವ್ವಾರು ಆರ್ಸಿದ್ರು," ಎಂದರು ಕಾಕಾ.

ಅವ್ವ ನನ್ನತ್ತ ತಿರುಗಿದಳು. "ನೀರು ಹೊತ್ಕೊಂತದೇನ?"

ಸತ್ಯ ಹೇಳಿದೆ.

"ಸೆರಿ ಅಂದಿದ್ರ ಬೈತಿದ್ದೆ, ಹೌದು. ಖರೇ, ಕರ್ಪೂರ ಹಚ್ತಿದ್ದಿಲ್ಲ." ಗಂಟು ಬಿಚ್ಚಿದಳು. "ನಾ ಮನ್ಯಾಗ ಮಾಡೂದು ನೀರಾಗ. ನೋಡೂದಿದ್ರ ಅದನ್ನ ನೋಡು."

ಅವಳು ಹೇಳಿದ್ದು ಸರಿಯಾಗಿತ್ತು. ಜನರಿಗೆ ಕೊಡುತ್ತಿದ್ದದ್ದು ನೀರಿನ ಕಷಾಯ, ನಾನು ಪರೀಕ್ಷಿಸಲು ಹೊರಟದ್ದು ಬೇರೇನನ್ನೋ. ನಾಲ್ಕು ಲೋಟ ನೀರು ಒಂದಾಗುವವರೆಗೆ ಅವಳೇ ಕುದಿಸಿದಳು. ಪರೀಕ್ಷೆಯ ಕಬ್ಬಿಣದ ದ್ರಾವಣದ ಎರಡು ಹನಿ ಬಿದ್ದದ್ದೇ ತಡ, ತಿಳಿಯಾದ ಕಂದು ಕಷಾಯ ಮಸಿಯಂತೆ ಕಪ್ಪುನೀಲಿಯಾಯಿತು. ಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್ ಅದರಲ್ಲಿತ್ತು. ಪಕ್ಕದ ವಿಭಾಗದವರು ಸೂಕ್ಷ್ಮಾಣುಗಳನ್ನು ಬೆಳೆಸುವ ತಟ್ಟೆಯಲ್ಲಿ ಕಷಾಯದ ಒಂದು ಹನಿ, ಸಾದಾ ನೀರಿನ ಒಂದು ಹನಿ ಇಟ್ಟರು. ಎರಡು ದಿನದ ನಂತರ ಕಷಾಯದ ಸುತ್ತ ಮಾತ್ರ ಏನೂ ಬೆಳೆಯದ ಸ್ವಚ್ಛ ಉಂಗುರವಿತ್ತು.

"ಹುಣ್ಣು ವಾಸಿ ಆಗ್ತದಂತ ಇದರಿಂದ ಹೇಳಾಕ ಬರೂದಿಲ್ಲವ್ವ. ಬರೇ ಕರೀ ನೀರಲ್ಲ, ಅಷ್ಟು ಖರೇ."

"ಅಷ್ಟ ಸಾಕು," ಎಂದಳು. ಉಂಗುರವನ್ನು ಗಾಜಿನ ಮೇಲಿಂದಲೇ ಬೆರಳಲ್ಲಿ ಒಂದು ಸುತ್ತು ತಿದ್ದಿದಳು. ನನಗೆ ಪದವಿ ಬಂದ ದಿನವೂ ಅವಳ ಮುಖ ಹಾಗೆ ಅರಳಿರಲಿಲ್ಲ.

ಹೊರಡುವಾಗ ಕಷಾಯದ ಪಾತ್ರೆ ಎತ್ತಿಕೊಂಡು ಕರ್ಪೂರದ ಪೊಟ್ಟಣ ನನ್ನ ಮುಂದೆ ಹಿಡಿದಳು. "ಈಗರ ಹಚ್ಚಲೇನ ಮಗಳ? ನೀ ಹೇಳಿದ್ರ ಹಚ್ತೀನಿ."

ಪಾತ್ರೆಯಲ್ಲಿದ್ದದ್ದು ನೀರಿನ ಕಷಾಯ, ಹೊತ್ತಿಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ಆದರೂ ಅವಳನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, ಸುತ್ತ ಎರಡು ಸಲ ನೋಡಿ, ಕಡ್ಡಿಯನ್ನು ನಾನೇ ಗೀರಿದೆ.