ಶಾಂತಿ ಸಭೆಯ ಮುಂದಿನ ಕುರ್ಚಿ

ನಮ್ಮೂರ ಪುರಸಭೆಗೆ ನಾನು ಆರಿಸಿ ಬಂದದ್ದು ನೀರು ತರುತ್ತೇನೆಂಬ ಮಾತಿನ ಮೇಲೆ. ಶಿರಹಟ್ಟಿ ರಸ್ತೆಯ ಮಗ್ಗುಲಿಗಿರುವ ನಮ್ಮ ಓಣಿಯಲ್ಲಿ ನಮ್ಮಂಥ ಮುಸಲ್ಮಾನರ ಮನೆಗಳೂ ಇವೆ, ಲಿಂಗಾಯತರ ಮನೆಗಳೂ ಇವೆ. ನಳ ಮಾತ್ರ ಎಲ್ಲರದೂ ಒಣಗಿದ್ದೇ. ಯಾವ ಪೈಪು ಎಲ್ಲಿ ಸೋರುತ್ತದೆಂಬುದು ನನಗೆ ಬಾಯಿಪಾಠವಿತ್ತು. ಆದರೆ ಸಭೆಯಲ್ಲಿ ಬಾಯಿ ತೆರೆದರೆ ಸಾಕು, “ನಿಮ್ಮ ಮಂದಿ ಏನಂತಾರ್ರೀ?” ಎಂದು ಉಳಿದ ಮೆಂಬರರು ಕೇಳುತ್ತಿದ್ದರು. ಮಸೀದಿಯ ಮುಂದೆ ನಮ್ಮವರು, “ನೀ ಅವರ ಕೂಡ ಚಾ ಕುಡ್ಯಾಂವ, ಬಿಡು” ಎನ್ನುತ್ತಿದ್ದರು. ಮದ್ದಳೆಗೆ ಎರಡೂ ಕಡೆ ಪೆಟ್ಟು. ಪೆಟ್ಟು ಕೊಡುವುದಕ್ಕಾದರೂ ಆಗ ಜನ ಬರುತ್ತಿದ್ದರು.

ಹೋದ ಚುನಾವಣೆಯಲ್ಲಿ ಸೋತೆ. ಆಮೇಲೆ ನಮ್ಮ ಪಡಸಾಲೆಗೆ ಯಾರೂ ಹಣಿಕಿ ಹಾಕಲಿಲ್ಲ. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ರೂಢಿಬಲದಿಂದ ಇಂದಿಗೂ ದೊಡ್ಡ ಪಾತ್ರೆಯಲ್ಲೇ ಚಹಾ ಇಡುತ್ತೇನೆ, ಒಬ್ಬನೇ ಕುಡಿದು ಉಳಿದದ್ದನ್ನು ಚೆಲ್ಲುತ್ತೇನೆ. ಸುಳ್ಳೇಕೆ ಹೇಳಲಿ, ಒಂಟಿತನ ಕಿತ್ತು ತಿನ್ನುತ್ತದೆ.

ಹೀಗಿರುವಾಗ, ಗಣೇಶನ ಹಬ್ಬ ಹತ್ತಿರ ಬಂದಾಗ ಠಾಣೆಯಿಂದ ಫೋನು ಬಂತು. “ನಾಳೆ ಶಾಂತಿ ಸಭಾ ಐತ್ರಿ ಹಿರ್ಯಾರ. ನೀವು ಬರಾಕಬೇಕು.” ಯಾರೋ ನನ್ನನ್ನು ನೆನೆಸಿದರಲ್ಲ ಎಂದು ಹಿಗ್ಗಿ, ಮರುದಿನ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೊರಟೆ. ಎದುರುಮನೆಯ ಲಿಂಗಾಯತರ ಮುದುಕಿ ಖಾಲಿ ಕೊಡ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. “ಮೆಂಬರ್ ಸಾಹೇಬ್ರ, ನೀರಿನ ಮಾತು ತಗೀರಿ” ಎಂದಳು. ಊರಲ್ಲಿ ನನ್ನನ್ನು ಇನ್ನೂ ಮೆಂಬರ್ ಅನ್ನುವವಳು ಅವಳೊಬ್ಬಳೇ.

ಮುಂದಿನ ಸಾಲಿನಲ್ಲೇ ಕುರ್ಚಿ ಕೊಟ್ಟರು. ಪೊಲೀಸ್ ಸಾಹೇಬರು ಎರಡು ಮಾತು ಆಡಿರಿ ಎಂದಾಗ ಎದ್ದು ನಿಂತೆ. “ಸಾಹೇಬ್ರ, ನಮ್ಮ ಓಣ್ಯಾಗ ನಳಾ ಬಂದು ವಾರದ ಮ್ಯಾಲಾತು. ಗಣಪತಿ ಮುಳುಗಸಾಕೂ ನೀರು ಬೇಕು, ನಮಾಜಿಗೆ ಕೈಕಾಲು ತೊಳ್ಯಾಕೂ ನೀರು ಬೇಕು.”

ಜನ ನಕ್ಕರು. ಸಾಹೇಬರೂ ನಕ್ಕರು. “ಅದಲ್ರೀ ಹಿರ್ಯಾರ. ನಿಮ್ಮ ಮಂದಿ ಗದ್ಲಾ ಮಾಡಂಗಿಲ್ಲ ಅಂತ ಒಂದು ಮಾತು ಹೇಳ್ರಿ, ಸಾಕು.”

ನಮ್ಮ ಮಂದಿಯೆಂದರೆ ನನಗೆ ಆ ಮುದುಕಿಯೂ ಹೌದು ಎಂದು ಹೇಳಬೇಕೆನಿಸಿತು. ಆದರೆ ಅವರು ಕೇಳಿದ್ದನ್ನೇ ಹೇಳಿ ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಿರುಗಿ ಬಂದಾಗ ಮುದುಕಿ ಅಲ್ಲೇ ಕೂತಿದ್ದಳು, ಕೊಡವೂ ಖಾಲಿಯೇ.

“ನೀರಿನ ಮಾತು ತಗದ್ರೇನ್ರೀ?”

“ತಗದೆ, ಯವ್ವಾ.”

“ಏನಂದ್ರು?”

“ಚಪ್ಪಾಳಿ ಹೊಡದ್ರು” ಎಂದು ಹೇಳಿ ಒಳಗೆ ಬಂದೆ.